ನಾಲ್ಕು ಗೇಣಿನ ಬಾಗಿಲು

ಮುಳುಗಡೆ ಅಂದ ಕೂಡಲೇ ಈಗ ಎಲ್ಲರೂ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ತಪ್ಪಿಲ್ಲ. ಹಿರಿಯರು ಪಟ್ಟ ಪಾಡು ನನಗೂ ಗೊತ್ತು. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ? ಅರವತ್ತರ ದಶಕದ ಆ ಬೇಸಗೆಯಲ್ಲಿ ಒಂಬತ್ತು ವರ್ಷದ ಹುಡುಗಿಯಾಗಿದ್ದ ನನಗೆ ಅದೊಂದು ಹಬ್ಬ! ಶರಾವತಿಗೆ ಕಟ್ಟೆ ಕಟ್ಟಿದಾರಂತೆ, ನಮ್ಮೂರು ನೀರಿನಡಿಗೆ ಹೋಗುತ್ತಂತೆ ಎಂದು ದೊಡ್ಡವರು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ನಾನೂ ನನ್ನ ಅಣ್ಣ ನಾಗನೂ ಲಾರಿ ಹತ್ತುವ ದಿನ ಎಣಿಸುತ್ತಿದ್ದೆವು. ಅದುವರೆಗೆ ನಾವು ಲಾರಿಯನ್ನು ದೂರದಿಂದ ನೋಡಿದ್ದೆವೇ ಹೊರತು ಕೈಯಿಂದ ಮುಟ್ಟಿರಲಿಲ್ಲ.

ಆಗ ಊರು ಬಿಡುವುದೆಂದರೆ ಮನೆಯನ್ನೇ ಕಳಚಿಕೊಂಡು ಹೊರಡುವುದು. ಹೆಂಚು, ತೊಲೆ, ಕಿಟಕಿ, ಒರಳುಕಲ್ಲು, ಕೀಳಲು ಬಂದದ್ದೆಲ್ಲ ಲಾರಿಗೆ. ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೊರುವಂಥ ವಸ್ತು ಅಂತ ಇದ್ದದ್ದು ಒಂದೇ, ಮುಂಬಾಗಿಲು. ಕೆತ್ತನೆ ಗಿತ್ತನೆ ಇತ್ತು ಅಂದುಕೊಳ್ಳಬೇಡಿ. ನಾವು ಇನ್ನೊಬ್ಬರ ಗದ್ದೆ ಮಾಡಿಕೊಂಡಿದ್ದ ಒಕ್ಕಲು. ಅಜ್ಜನ ಕಾಲದವರೆಗೆ ಮನೆಗೆ ಬಾಗಿಲೇ ಇರಲಿಲ್ಲವಂತೆ, ಬಿದಿರಿನ ತಟ್ಟಿ ಅಡ್ಡ ಇಡುತ್ತಿದ್ದರಂತೆ. ಮದುವೆ ಗೊತ್ತಾದಾಗ ಅಜ್ಜ, ‘ಬರೋ ಹೆಣ್ಣಿಗೆ ಹಾಕಿ ತೆಗೆಯೋಕೆ ಒಂದು ಬಾಗ್ಲು ಬ್ಯಾಡ್ವ?’ ಎಂದು ಒಡೆಯರ ಕಾಲು ಹಿಡಿದು ಒಂದು ಹಲಸಿನ ಮರ ಕೇಳಿ ತಂದು, ತಾನೇ ಕುಯ್ದು ಬಾಗಿಲು ಮಾಡಿಸಿದ. ಆ ಬಾಗಿಲಿನೊಳಗೆ ಅಕ್ಕಿ ಸೇರು ಒದ್ದು ಬಂದವಳು ನಮ್ಮ ಅಜ್ಜಿ.

ಬಾಗಿಲು ಕಳಚಿದರು. ಅದರ ಚೌಕಟ್ಟಿಗೆ ನಮ್ಮ ಕಡೆ ದಾರಂದ ಅನ್ನುತ್ತೇವೆ. ಆ ದಾರಂದದ ಮೇಲಿನ ಅಡ್ಡಪಟ್ಟಿ ಬಿಚ್ಚಿದರು, ಎರಡು ಕಾಲು ಬಿಚ್ಚಿದರು. ಅಪ್ಪಯ್ಯ ಹಾರೆ ಹಿಡಿದು ಹೊಸ್ತಿಲಿಗೆ ಕೈ ಹಾಕಿದ್ದೇ ತಡ, ಅಜ್ಜಿ ಓಡಿಬಂದು ಅಡ್ಡ ನಿಂತಳು.

“ಅದನ್ನ ಮುಟ್ಟಬ್ಯಾಡ!”

“ಅಲ್ಲ ಅವ್ವ, ನಾಳೆ ನೀರಡಿಗೆ ಹೋಗೋ ಮರ. ಬಿಟ್ಟು ಹೋಗಿ ಎಂತ ಮಾಡ್ತೀಯ?”

“ಹೋದ್ರೆ ಹೋಗ್ಲಿ. ನಲವತ್ತು ವರ್ಷ ಅರಿಶಿನ ಹಚ್ಚೀನಿ ಅದಕ್ಕೆ. ಒಂದಿನ ಒಂದು ಕಾಲು ತಾಗಿಲ್ಲ. ಹಾರೆ ಹಾಕಿ ಮೀಟಿ ಲಾರಿಗೆ ಒಗೀತೀಯೇನಾ? ಅದು ಅಲ್ಲೇ ಇರ್ಲಿ.”

ಅಪ್ಪಯ್ಯ ಹಾರೆ ಕೆಳಗಿಟ್ಟರು. ಊರಿಗೇ ಎತ್ತರದ ಆಳು, ಅಜ್ಜಿಯ ಮುಂದೆ ಮಾತ್ರ ಬೆಕ್ಕಿನ ಮರಿ. ಬಗ್ಗಿ, ಹೊಸ್ತಿಲಿನ ಮೇಲೆ ಕೈ ಅಗಲಿಸಿ ಕಾಲು ಕೂತಿದ್ದ ಜಾಗದಿಂದ ಕಾಲು ಕೂತಿದ್ದ ಜಾಗದವರೆಗೆ ಅಳೆದರು. “ಒಂದು, ಎರಡು, ಮೂರು, ನಾಲ್ಕು. ಸಮಾ ನಾಲ್ಕು ಗೇಣು. ನೆನಪಿಟ್ಕ ನಾಗ!” ನಾಗ ನೆನಪಿಟ್ಟುಕೊಂಡನೋ ಇಲ್ಲವೋ, ನಾನಂತೂ ಇಟ್ಟುಕೊಂಡೆ.

ಅಳತೆ ಬೇಕಾಗಿದ್ದು ಯಾಕೆಂದರೆ, ಹೊಸ ಜಾಗದಲ್ಲಿ ಮೊದಲು ಕೂರಬೇಕಾದದ್ದೇ ಹೊಸ್ತಿಲು. ಒಳ್ಳೆ ದಿನ ನೋಡಿ, ಹಾಲು ಎರೆದು, ಪೂಜೆ ಮಾಡಿ ಹೊಸ್ತಿಲು ಕೂರಿಸಿದ ಮೇಲೇ ಗೋಡೆ ಏಳುವುದು. ಒಮ್ಮೆ ಕೂತ ಹೊಸ್ತಿಲನ್ನು ಮತ್ತೆ ಕದಲಿಸುವ ಹಾಗಿಲ್ಲ. ಒಳ್ಳೆ ದಿನ ಇದ್ದದ್ದು ನಾಡಿದ್ದು, ಲಾರಿ ಸಿಗುವುದು ಅದರಾಚೆ. ಹಾಗಾಗಿ ಅಪ್ಪಯ್ಯ ಒಬ್ಬರೇ ಮುಂದಾಗಿ ಹೋಗಿ, ಅಲ್ಲಿನ ಪುಟ್ಟಾಚಾರಿಗೆ ‘ಕಾಲಿಂದ ಕಾಲಿಗೆ ನಾಲ್ಕು ಗೇಣು’ ಎಂದು ಬಾಯಲ್ಲೇ ಹೇಳಿ ಹೊಸ ಹೊಸ್ತಿಲು ಕೂರಿಸಿ ಬಂದರು.

ಲಾರಿಯ ಮೇಲೆ ಕೂತು ಹೋದದ್ದನ್ನು ಹೇಳಲು ಹೊರಟರೆ ಇಡೀ ಪುಸ್ತಕವಾಗುತ್ತದೆ, ಬಿಡಿ. ಸಾಗರ ದಾಟಿ ಹೊಸನಗರದ ದಾರಿಯಲ್ಲಿ ಒಂದು ಬೋಳು ಗುಡ್ಡದ ಬುಡದಲ್ಲಿ ಇಳಿದೆವು. ನೆರಳಿಗೆ ಒಂದು ಗೇರುಮರ ಬಿಟ್ಟರೆ ಗತಿಯಿಲ್ಲ. ಚಪ್ಪರದಡಿ ಉಂಡು ಮಲಗಿ ತಿಂಗಳೊಪ್ಪತ್ತಿನಲ್ಲಿ ಮಣ್ಣಿನ ಗೋಡೆ ಎದ್ದಿತು, ಹೆಂಚು ಏರಿತು. ಹಸಿ ಗೋಡೆಯ ವಾಸನೆ ಇದೆಯಲ್ಲ, ನಾಲಿಗೆ ಹಚ್ಚಬೇಕು ಅನ್ನಿಸುವಂಥದ್ದು! ಹಚ್ಚಿದೆ ಕೂಡ. ಅಮ್ಮ ಬೆನ್ನಿಗೆ ಒಂದು ಬಿಟ್ಟಳು.

ಎಲ್ಲ ಮುಗಿದ ದಿನ ಬಾಗಿಲು ಕೂರಿಸಿದರು. ನಾವೆಲ್ಲ ಅಂಗಳದಲ್ಲಿ ಸಾಲಾಗಿ ನಿಂತೆವು. ಅಪ್ಪಯ್ಯ ಒಳಗಿನಿಂದ ಬಾಗಿಲು ಮುಚ್ಚಲು ತಳ್ಳಿದರು. ಕಿರ್ರ್ ಅಂತ ಬಂದದ್ದು, ತಳದಲ್ಲಿ ದಾರಂದದ ಕಾಲಿಗೆ ಡಬ್ ಎಂದು ಬಡಿದು ನಿಂತುಬಿಟ್ಟಿತು. ಇನ್ನೊಮ್ಮೆ ತಳ್ಳಿದರು. ಡಬ್. ಭುಜ ಕೊಟ್ಟು ತಳ್ಳಿದರು. ಡಬ್! ಅಂಗೈ ಅಗಲದ ಸಂದು ಉಳಿಯಿತು. ಚಿಲಕ ಅದರ ಮನೆಯಿಂದ ಅಷ್ಟು ದೂರದಲ್ಲಿ ನೇತಾಡಿಕೊಂಡಿತ್ತು.

ನನಗೂ ನಾಗನಿಗೂ ಆ ಸಂದು ಟೆಂಟು ಸಿನಿಮಾ. ಒಳಗೆ ಕತ್ತಲೆಯಲ್ಲಿ ಹೊಟ್ಟೆ ಮೇಲೆ ಮಲಗಿ ಒಂದು ಕಣ್ಣು ಹಚ್ಚಿದರೆ ದಾರಿಯಲ್ಲಿ ಹೋಗುವ ಗಾಡಿ, ಎಮ್ಮೆ, ದಿನಕ್ಕೆರಡು ಸಲ ಬರುವ ಬಸ್ಸು, ಎಲ್ಲ ಕಾಣಿಸುತ್ತಿತ್ತು. ಜಾಗಕ್ಕಾಗಿ ಒದ್ದಾಡಿ ಮೂಗು ಕೆತ್ತಿಸಿಕೊಂಡದ್ದುಂಟು. ಆದರೆ ಅಮ್ಮನಿಗೆ ಸಾಕುಸಾಕಾಗಿತ್ತು. ಆ ಬಯಲಿನ ಗಾಳಿ ಕೆಂಪು ಧೂಳನ್ನು ಹೊತ್ತು ನೇರ ರೊಟ್ಟಿ ಹಂಚಿಗೇ ತಂದು ಸುರಿಯುತ್ತಿತ್ತು. ಪಕ್ಕದ ಮನೆಯ ಹೇಂಟೆಯೊಂದು ದಿನಾ ಹತ್ತು ಗಂಟೆಗೆ ಸರಿಯಾಗಿ ಸಂದಿನಲ್ಲಿ ನುಗ್ಗಿ ನಮ್ಮ ಅಕ್ಕಿ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಕೊಕ್ಕೊಕ್ಕೋ ಎಂದು ಊರಿಗೆಲ್ಲ ಸಾರಿ ಹೋಗುತ್ತಿತ್ತು. ಮೊಟ್ಟೆ ಯಾರಿಗೆ ಸೇರಿದ್ದು ಎಂದು ಪಕ್ಕದ ಮನೆಗೂ ನಮಗೂ ಮಾತು ಬಿಡುವ ಹಂತಕ್ಕೆ ಬಂದಿತು.

ಪುಟ್ಟಾಚಾರಿ ಬಂದ. ಹೆಸರಿಗೆ ತಕ್ಕ ಆಳು, ಅಪ್ಪಯ್ಯನ ಎದೆಯವರೆಗೆ ಬರುತ್ತಿದ್ದ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಬಾಗಿಲನ್ನು ಒಂದು ಕಣ್ಣು ಮುಚ್ಚಿ ನೋಡಿ, “ಲಾರಿ ಮೇಲೆ ಬಿಸಿಲು ಕುಡಿದು ಬಂದೈತಿ ಅಲ್ದಾ? ಹಲಗೆ ಸೊಟ್ಟ ಆಗೈತಿ. ಮತ್ತೇನಿಲ್ಲ” ಎಂದ. ಬಾಗಿಲು ಬಿಚ್ಚಿ ಅಂಗಳದಲ್ಲಿ ಮಲಗಿಸಿ, ಒದ್ದೆ ಗೋಣಿ ಹೊದೆಸಿ, ಮೇಲೆ ಒರಳುಕಲ್ಲು ಹೇರಿ ನಾಲ್ಕು ದಿನ ಬಿಟ್ಟ. ಆ ನಾಲ್ಕು ದಿನ ಹೇಂಟೆ ರಾಜಮರ್ಯಾದೆಯಿಂದ ಬಂದುಹೋಯಿತು. ಐದನೇ ದಿನ ಕೂರಿಸಿದರೆ, ಡಬ್! ಕೀಸುಳಿ ಹಿಡಿದು ಅಂಚು ಕೀಸಿದ. ಹಲಸಿನ ಹಳದಿ ಹೊಪ್ಪಳೆ ಸುರುಳಿ ಸುರುಳಿಯಾಗಿ ಬಿದ್ದವು, ಅಂಗಳವೆಲ್ಲ ಹಣ್ಣಿನ ಘಮ. ನಾನು ಎರಡು ಸುರುಳಿ ಕಿವಿಗೆ ಸಿಕ್ಕಿಸಿ ಮೆರೆದೆ. ಕೂರಿಸಿದರೆ ಮತ್ತೆ ಡಬ್.

ಇಷ್ಟರಲ್ಲಿ ನನ್ನ ಕಣ್ಣಿಗೆ ಒಂದು ವಿಷಯ ಬಿದ್ದಿತ್ತು. ಅಜ್ಜಿ ಹೊಸ ಹೊಸ್ತಿಲಿಗೆ ಒಂದು ದಿನವೂ ಅರಿಶಿನ ಹಚ್ಚಿರಲಿಲ್ಲ. ಶುಕ್ರವಾರಗಳು ಬಂದು ಹೋದವು, ಅಮ್ಮನೇ ಎರಡು ಗೆರೆ ಎಳೆಯುತ್ತಿದ್ದಳು. ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದೆ. ಅಜ್ಜಿ ಬಾಗಿಲಿನ ಹತ್ತಿರ ಕೂತು ಅದರ ಮೈ ಸವರುತ್ತಿದ್ದಳು. “ಹೊಸ್ತಿಲು ಬಿಟ್ಟು ಬಂದೆ ಅಂತ ಸಿಟ್ಟಾ ನಿಂಗೆ? ಅದನ್ನ ನೀರಿಗೆ ಬಿಟ್ಟು ನಿನ್ನೊಬ್ಬನ್ನ ತಂದೆ ಅಂತ ಮುಚ್ಕಳದಿಲ್ವ? ನಂದೇ ತಪ್ಪು ಮಾರಾಯ, ನಂದೇ ತಪ್ಪು.”

ಯಾರಿಗೂ ತಲೆಬಾಗದ ನಮ್ಮ ಅಜ್ಜಿ ಒಂದು ಹಲಗೆಯ ಹತ್ತಿರ ತಪ್ಪಾಯಿತು ಅನ್ನುತ್ತಿದ್ದಾಳೆ! ನೀರು ಕುಡಿಯದೇ ಹಿಂದಕ್ಕೆ ಹೋದೆ.

ಅಪ್ಪಯ್ಯನ ತಾಳ್ಮೆ ಮುಗಿಯಿತು. ಮಳೆ ಹಿಡಿಯಲು ಇನ್ನು ಹದಿನೈದು ದಿನವಿಲ್ಲ. “ಆಚಾರ್ರೇ, ಕೊನೇ ಮಾತು. ನಾಳೆ ಬಂದು ತಾಗೋ ಕಡೆ ಎರಡು ಬೆರಳು ಕುಯ್ದು ತೆಗೀರಿ. ಕೂತ್ರೆ ಕೂತ್ತು. ಇಲ್ದಿದ್ರೆ ಸಾಗರದಿಂದ ಹೊಸ ಬಾಗ್ಲು ತರ್ತೀನಿ, ಇದು ಕೊಟ್ಟಿಗೆಗೆ ಹೋಗ್ಲಿ” ಅಂದರು. ಅಜ್ಜಿ ರಾತ್ರಿ ಊಟಕ್ಕೂ ಏಳಲಿಲ್ಲ. ಅಜ್ಜ ಆಕೆಗಾಗಿ ಮಾಡಿಸಿದ ಬಾಗಿಲಿಗೆ ಎಮ್ಮೆ ಮೈ ತಿಕ್ಕುವುದೇ ಅಥವಾ ಗರಗಸ ಬೀಳುವುದೇ, ಎರಡರಲ್ಲಿ ಒಂದು.

ಮಾರನೇ ದಿನ ಬೆಳಕು ಹರಿಯುವಾಗಲೇ ಪುಟ್ಟಾಚಾರಿ ಗರಗಸ ಹಿಡಿದೇ ಬಂದ. ಬಾಗಿಲನ್ನು ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಮಲಗಿಸಿ ಇದ್ದಿಲಿನಲ್ಲಿ ಗೆರೆ ಎಳೆದ. ಅಜ್ಜಿ ಒಂದು ಸಲ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು.

ನಾನೂ ನಾಗನೂ ಅಲ್ಲೇ ಮಗ್ಗುಲಲ್ಲಿ ಗೇರುಬೀಜದ ಆಟಕ್ಕೆ ಬಿದ್ದಿದ್ದೆವು. ನಿಮ್ಮಲ್ಲಿ ಆಡಿದವರಿಗೆ ನೆನಪಿರುತ್ತದೆ. ಬೀಜವನ್ನು ಗೋಡೆಗೆ ಹೊಡೆಯಬೇಕು. ಅದು ಪುಟಿದು ಬಂದು ಎದುರಾಳಿಯ ಬೀಜದಿಂದ ಒಂದು ಗೇಣಿನ ಒಳಗೆ ಬಿದ್ದರೆ ಎರಡೂ ನಮ್ಮದು. ನಾಗ ಹೊಡೆದ. ಅವನ ಬೀಜ ಉರುಳಿ ಉರುಳಿ ನನ್ನ ದೊಡ್ಡ ಬೀಜದ ಹತ್ತಿರ ಬಂದು ನಿಂತಿತು. ಇಡೀ ಬೇಸಗೆಗೆ ನನಗೆ ಸಿಕ್ಕಿದ್ದ ಎಲ್ಲಕ್ಕಿಂತ ದಪ್ಪ ಬೀಜ ಅದು! ನಾಗ ತನ್ನ ಉದ್ದನೆಯ ಕೈ ಅಗಲಿಸಿ, ಮುಟ್ಟಿತೋ ಇಲ್ಲವೋ ನಾನು ನೋಡುವ ಮೊದಲೇ ಎತ್ತಿ, “ಗೇಣಿನೊಳಗೆ ಐತಿ! ತತ್ತಾ!” ಎಂದು ಕುಣಿದ. ನಾನು ನನ್ನ ಕೈ ಇಟ್ಟೆ. ಎಲ್ಲಿ ಮುಟ್ಟೀತು?

“ಸುಳ್ಳ! ಎಲ್ಲೈತೆ ಒಳಗೆ? ನೋಡು, ಇಷ್ಟು ದೂರ ಐತಿ.”

“ನಿಂದು ಕಪ್ಪೆ ಕೈ. ಅದೂ ಒಂದು ಗೇಣಾ?”

“ನಿನ್ ಗೇಣೊಂದೇ ಗೇಣಾ? ದೊಡ್ಡವರ ಹತ್ರ ಅಳೆಸಾಣ ಬಾ!”

ಅಂಗಿ ಹಿಡಿದೆಳೆದುಕೊಂಡು ಇಬ್ಬರೂ ಅಪ್ಪಯ್ಯನ ಹತ್ತಿರ ಓಡಿದೆವು. ಅಷ್ಟರಲ್ಲಿ ಗರಗಸ ಕರ್ ಕರ್ ಎಂದು ಶುರುವಾಗಿ ಬಾಗಿಲಿನ ಅಂಚಿನಲ್ಲಿ ಒಂದು ಬೆರಳು ಇಳಿದಿತ್ತು. ಅಪ್ಪಯ್ಯನಿಗೂ ಆ ಸದ್ದು ಕೇಳುವುದು ಬೇಡವಾಗಿತ್ತೋ ಏನೋ, ಬೈಯದೆ ನಮ್ಮ ಜೊತೆ ಬಂದರು. ಕುಕ್ಕರುಗಾಲಲ್ಲಿ ಕೂತು ಕೈ ಇಟ್ಟರು. ಬೀಜ ಕಿರುಬೆರಳ ತುದಿಗೆ ತಾಗಿತು, ಗೇಣಿನೊಳಗೆ. “ನಾಗ ಗೆದ್ದ” ಅಂದರು.

ನಾನು ಬಾಯಿ ತೆಗೆದು ಅಳಲು ಶುರು ಮಾಡಿದೆ. ನನ್ನ ಅಳು ಸಾಮಾನ್ಯದ್ದಲ್ಲ, ಗುಡ್ಡದಾಚೆಗೂ ಕೇಳುವಂಥದ್ದು. ಪುಟ್ಟಾಚಾರಿ ಗರಗಸ ಅಲ್ಲೇ ಬಿಟ್ಟು ನಗುತ್ತ ಬಂದ. “ತಡಿ ಕೂಸೆ, ನಿನ್ ಪರ ನಾನು ಅಳೀತೀನಿ” ಎಂದು ತನ್ನ ಕೈ ಇಟ್ಟ. ಹೆಬ್ಬೆರಳು ನಾಗನ ಬೀಜದ ಮೇಲೆ. ಕಿರುಬೆರಳು ಎಳೆದೂ ಎಳೆದೂ ನನ್ನ ಬೀಜಕ್ಕೆ ಅರ್ಧ ಬೆರಳಿನಷ್ಟು ಈಚೆಗೇ ನಿಂತಿತು.

“ತಗಾ! ನನ್ ಗೇಣಲ್ಲಿ ಇಲ್ಲ. ಬೀಜ ನಿಂದೇಯ.”

ಅಳು ಟಪ್ಪೆಂದು ನಿಂತಿತು. ಗೆದ್ದೆನೆಂದು ಕುಣಿಯಬೇಕು, ಕಾಲೂ ಎತ್ತಿದ್ದೆ. ಆದರೆ ಆ ಸಣ್ಣ ಕೈಯನ್ನೂ ಅದರ ಪಕ್ಕದಲ್ಲೇ ನೆಲಕ್ಕೂರಿದ್ದ ಅಪ್ಪಯ್ಯನ ಮೊರದಂಥ ಕೈಯನ್ನೂ ನೋಡಿದವಳೇ ಹಾಗೇ ನಿಂತೆ.

“ಅಪ್ಪಯ್ಯ, ಹಂಗಾರೆ ಹೊಸ್ತಿಲನ್ನ ಯಾರ ಗೇಣಲ್ಲಿ ಅಳೆದಿದ್ದು?”

ಅಪ್ಪಯ್ಯ ಆಚಾರಿಯ ಮುಖ ನೋಡಿದರು. ಆಚಾರಿ ತನ್ನ ಕೈ ನೋಡಿಕೊಂಡ. ಆಮೇಲೆ ಇಬ್ಬರೂ ಒಟ್ಟಿಗೆ ಎದ್ದು ಬಾಗಿಲ ಕಡೆ ಓಡಿದರು ನೋಡಿ, ಹಾಗೆ ದೊಡ್ಡವರು ಓಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ!

ಅಪ್ಪಯ್ಯ ಮೊದಲು ಮೇಲಿನ ಅಡ್ಡಪಟ್ಟಿ ಅಳೆದರು. ಹಳೇ ಮನೆಯಿಂದ ಬಂದದ್ದು, ಸಮಾ ನಾಲ್ಕು ಗೇಣು. ಬಗ್ಗಿ ಕೆಳಗೆ ಹೊಸ್ತಿಲಿನ ಮೇಲೆ ಕಾಲಿಂದ ಕಾಲಿಗೆ ಅಳೆದರು. ನಾಲ್ಕನೇ ಗೇಣು ಮುಗಿಯುವ ಮೊದಲೇ ಬೆರಳು ಕಾಲಿಗೆ ಬಡಿಯಿತು. ಎರಡು ಬೆರಳು ಕಮ್ಮಿ. ಪುಟ್ಟಾಚಾರಿ ತಾನೂ ಅಳೆದ. ಅವನ ಗೇಣಿನಲ್ಲಿ ಕೆಳಗೆ ನಾಲ್ಕಕ್ಕೆ ನಾಲ್ಕು, ಕೂದಲೆಳೆ ಹೆಚ್ಚು ಕಮ್ಮಿ ಇಲ್ಲ.

“ಥೋ ಥೋ ಥೋ!” ಎಂದು ಹಣೆ ಚಚ್ಚಿಕೊಂಡ. “ಬಾಗ್ಲು ಸರಿಯಾಗೇ ಐತಲ್ರೀ! ದಾರಂದದ ಕಾಲು ಕೆಳಗೆ ಒಳಗಾಗಿ ನಿಂತೈತಿ. ನೀವು ನಾಲ್ಕು ಗೇಣು ಅಂದ್ರಿ, ನಾನು ನನ್ ನಾಲ್ಕು ಗೇಣಿಗೆ ಗುಳಿ ಹೊಡ್ದೆ. ಮೇಲಿನ ಪಟ್ಟಿ ಒಂದ್ಸಲ ನೋಡಿದ್ರೂ ತಿಳೀತಿತ್ತು. ಎಲ್ರೂ ಬಾಗ್ಲಿಗೇ ಬೈಕಂಡು ಕೂತ್ವಿ!”

ನಾನು ಅಷ್ಟು ಹೊತ್ತಿಗೆ ಹಿತ್ತಲಿನಲ್ಲಿದ್ದೆ. “ಅಜ್ಜೀ, ಬಾಗ್ಲಿಗೆ ಸಿಟ್ಟಿಲ್ಲ! ಅಜ್ಜೀ, ಆಚಾರ್ರ ಕೈ ಸಣ್ಣದು!” ಎಂದು ಕಿರುಚುತ್ತ ಅವಳ ಸೀರೆ ಹಿಡಿದು ಎಳೆದುಕೊಂಡೇ ಬಂದೆ. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪಯ್ಯ ಹೇಳಿದರೂ ನಂಬಲಿಲ್ಲ. ತನ್ನ ಕಣ್ಣೆದುರೇ ಇಬ್ಬರ ಕೈಯಲ್ಲೂ ಮತ್ತೊಮ್ಮೆ ಅಳೆಸಿದಳು.

“ಹಂಗಾರೆ ನಾನು ಅದನ್ನ ಬಿಟ್ಟು ಬಂದಿದ್ದಕ್ಕಲ್ವಾ?”

“ಅಲ್ಲ ಅಮ್ಮ” ಎಂದ ಪುಟ್ಟಾಚಾರಿ, ಎರಡೂ ಅಂಗೈ ಮುಂದೆ ಚಾಚಿ. “ನನ್ ಕೈ ಸಣ್ಣದು. ಅಷ್ಟೇಯ.”

ಅಜ್ಜಿ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ, “ಎಂತ ನಿಂತ್ಕಂಡು ನೋಡ್ತೀರಿ? ಮಾಡ್ರಿ ಕೆಲ್ಸ!” ಎಂದು ಎಲ್ಲರನ್ನೂ ಗದರಿಸಿದಳು. ಅದೇ ಹಳೇ ಅಜ್ಜಿ!

ಕೂತ ಹೊಸ್ತಿಲನ್ನು ಕದಲಿಸಬೇಕಾಗಲಿಲ್ಲ. ಪುಟ್ಟಾಚಾರಿ ಒಂದು ಪಕ್ಕದ ಗೋಡೆಯ ಬುಡದಲ್ಲಿ ಒಂದಿಷ್ಟು ಮಣ್ಣು ಬಿಡಿಸಿ, ಹೊಸ್ತಿಲಿನಲ್ಲಿ ಕಾಲು ಕೂರುವ ಗುಳಿಯನ್ನು ಉಳಿಯಿಂದ ಎರಡು ಬೆರಳು ಆಚೆಗೆ ಬೆಳೆಸಿದ. ಅಪ್ಪಯ್ಯ ಕೊಡತಿ ಎತ್ತಿ ದಾರಂದದ ಕಾಲಿಗೆ ಬಡಿದರು. ನಾನೂ ನಾಗನೂ ‘ಐಸಾ!’ ಎಂದು ಕೂಗಿದೆವು. ಕಾಲು ಇಷ್ಟಿಷ್ಟೇ ಸರಿಯಿತು. ಹಿಂದೆ ಉಳಿದ ಸಂದಿಗೆ ಬೆಣೆ ಹೊಡೆದ. ಮಧ್ಯೆ ಅಮ್ಮ ಹಲಸಿನಹಣ್ಣಿನ ಕಡುಬು ತಂದಳು. ಯಾರಿಗೂ ತಿನ್ನುವ ವ್ಯವಧಾನವಿಲ್ಲ, ಪುಟ್ಟಾಚಾರಿ ಒಬ್ಬ ಆರು ತಿಂದ.

ಬಾಗಿಲು ಏರಿಸಿದರು. “ಅವ್ವ, ನೀನೇ ಹಾಕು” ಅಂದರು ಅಪ್ಪಯ್ಯ. ಅಜ್ಜಿ ಒಳಗೆ ಹೋದಳು, ನಾನೂ ಅವಳ ಜೊತೆ ಒಳಗೆ ನುಗ್ಗಿದೆ. ಅಂಗೈ ಇಟ್ಟು ಮೆಲ್ಲಗೆ ತಳ್ಳಿದಳು. ಕಿರ್ರ್... ಟಪ್! ಹಳೇ ಮನೆಯಲ್ಲಿ ದಿನಾ ಕೇಳುತ್ತಿದ್ದ ಅದೇ ಸದ್ದು! ಒಳಗೆಲ್ಲ ಕತ್ತಲು. ಬೆಳಕಿನ ಒಂದು ಗೆರೆಯೂ ಇಲ್ಲ. ಹೊರಗೆ ಎಲ್ಲರೂ ಹೋ ಎಂದು ಕೂಗುತ್ತಿದ್ದರು. ಒಳಗೆ ಅಜ್ಜಿಯ ಉಸಿರು ಮಾತ್ರ ಕೇಳುತ್ತಿತ್ತು. ನನ್ನ ಕೈ ಹಿಡಿದುಕೊಂಡಿದ್ದಳು, ನೋಯುವಷ್ಟು ಗಟ್ಟಿಯಾಗಿ. ಅಷ್ಟರಲ್ಲಿ ಬಾಗಿಲಾಚೆ ಕೊಕ್ಕೊಕ್ಕೋ ಎಂದು ರಂಪ. ಹತ್ತು ಗಂಟೆಯ ಹೇಂಟೆ ಬಂದು ಮೂತಿ ಬಡಿಸಿಕೊಂಡು ನಿಂತಿತ್ತು.

ಆ ದಿನವೇ ಅಜ್ಜಿ ಹೊಸ್ತಿಲು ತೊಳೆದು ಅರಿಶಿನ ಹಚ್ಚಿದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಕೈ ಬೆರಳು ಅಗಲಿಸಿ ಅದರ ಮೇಲೆ ಇಟ್ಟು ಅಳೆಸಿದಳು. ಆರು ಗೇಣು ಬಂತು. “ನಿನ್ ಕೈಲಿ ಇದು ಐದು ಗೇಣಾಗೋ ಹೊತ್ತಿಗೆ ನೀನು ಬೇರೆ ಮನೆ ಹೊಸ್ತಿಲು ದಾಟಿರ್ತೀಯ ಕಣೆ” ಅಂದಳು. ನಾನು ನಾಚಲಿಲ್ಲ, ಗೇರುಬೀಜ ಯಾರದ್ದು ಎಂದು ತೀರ್ಮಾನ ಮಾಡು ಎಂದು ಪೀಡಿಸಿದೆ. ಅವಳು ತೀರ್ಮಾನ ಮಾಡಲಿಲ್ಲ, ಬೀಜವನ್ನು ಸುಟ್ಟು ಇಬ್ಬರಿಗೂ ಅರ್ಧರ್ಧ ಕೊಟ್ಟಳು. ನಾಗ ಇವತ್ತಿಗೂ ಅದು ತನ್ನದು ಅನ್ನುತ್ತಾನೆ. ಅಲ್ಲ, ನನ್ನದು.

ಹಳೇ ಹೊಸ್ತಿಲು ಆ ಮಳೆಗಾಲದಲ್ಲಿ ನೀರಿನಡಿಗೆ ಹೋಯಿತು. ಹೊಸದು ನನ್ನ ಕೈಯಲ್ಲಿ ಐದು ಗೇಣಾದ ವರ್ಷ ನನ್ನ ಮದುವೆಯಾಯಿತು. ಅಜ್ಜಿ ಇರುವಷ್ಟು ದಿನವೂ ಬಂದವರಿಗೆಲ್ಲ ಬಾಗಿಲಿನ ಅಂಚಿನಲ್ಲಿದ್ದ ಗರಗಸದ ಗಾಯ ತೋರಿಸಿ ಆಚಾರಿಯ ಕೈಯ ಕತೆ ಹೇಳುತ್ತಿದ್ದಳು.

ಹೋದ ಬೇಸಗೆಯಲ್ಲಿ ನಾಗನ ಮಗ ಹೊಸ ಮನೆ ಕಟ್ಟಿದ, ಗೃಹಪ್ರವೇಶಕ್ಕೆ ಹೋಗಿದ್ದೆ. ಚೆನ್ನಾದ ಮನೆ. ಬಾಗಿಲಿನ ಸುತ್ತ ರಬ್ಬರು ಪಟ್ಟಿ, ಒಂದು ಬೆರಳಿನಲ್ಲಿ ತಳ್ಳಿದರೆ ಸದ್ದೇ ಇಲ್ಲದೆ ಮುಚ್ಚಿಕೊಳ್ಳುತ್ತದೆ, ಇರುವೆಯೂ ನುಗ್ಗದು. ಹೊಸ್ತಿಲು ಇಲ್ಲ, ಒಳಗಿನ ಟೈಲ್ಸೇ ಹೊರಗಿನವರೆಗೂ ನೇರ ಬಂದಿದೆ. ನಾನು ಮಾತ್ರ ಪ್ರತಿ ಸಲ ಅಲ್ಲಿ ಕಾಲೆತ್ತಿ ದಾಟಿ, ನೋಡಿದವರಿಂದ ನಗಿಸಿಕೊಂಡೆ. ಹಳೇ ಬಾಗಿಲಿಗೆ ಗೆದ್ದಲು ಹಿಡಿದು ಬಚ್ಚಲೊಲೆಗೆ ಹೋಯಿತಂತೆ. ಹೊಸ್ತಿಲಿನ ಮರ ಗಟ್ಟಿ ಇತ್ತೆಂದು ಎರಡು ಕಲ್ಲಿನ ಮೇಲೆ ಇಟ್ಟು ಗೇಟಿನ ಹತ್ತಿರ ಬೆಂಚು ಮಾಡಿದ್ದಾರೆ. ಬಂದವರು ಅದರ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಾರೆ.

ಯಾರೂ ಇಲ್ಲದಾಗ ಅದರ ಹತ್ತಿರ ಹೋದೆ. ಎರಡು ಬೆರಳು ಬೆಳೆಸಿದ ಗುಳಿ ಹಾಗೇ ಇತ್ತು. ಬಗ್ಗಿ, ಗುಳಿಯಿಂದ ಗುಳಿಗೆ ಅಳೆಯತೊಡಗಿದೆ. ಬೆರಳುಗಳು ಸೊಟ್ಟಗಾಗಿವೆ, ಪೂರ್ತಿ ಅಗಲವಾಗುವುದಿಲ್ಲ. ಐದು ಗೇಣು ಮುಗಿದ ಮೇಲೂ ಮೂರು ಬೆರಳು ಮಿಕ್ಕಿತು. ಮತ್ತೊಮ್ಮೆ ಅಳೆದೆ. ಅಷ್ಟೇ ಮಿಕ್ಕಿತು.

ನಾಗನ ಮೊಮ್ಮಗ ಓಡಿಬಂದ. “ಎಂತ ಹುಡುಕ್ತಿದೀರಿ ಅಜ್ಜಿ? ಬಗ್ಗಿದ್ರೆ ಸೊಂಟ ನೋಯಲ್ವಾ? ಅದ್ರ ಮೇಲೇ ಕೂತ್ಕಳಿ.”

“ಎಂತ ಇಲ್ಲ ಮಾರಾಯ. ನನ್ ಕೈ ಸಣ್ಣದು” ಎಂದೆ. ಸೊಂಟ ನೋಯುತ್ತಿತ್ತು, ನಿಜ. ಆದರೂ ಕೂರಲಿಲ್ಲ.